ಹೌನ್ಸ್ಲೋದ ನಗು

ಸ್ಫೂರ್ತಿಯ ನಗುವಿಗೆ ಲಂಡನ್ನಿನ ಕನ್ನಡಿಗರಲ್ಲಿ ದೊಡ್ಡ ಹೆಸರಿತ್ತು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಗ್ರೀನ್‌ಫರ್ಡಿನ ಹಾಲ್‌ನಲ್ಲಿ ನಾಟಕ ನಡೆಯುವಾಗ ವೇದಿಕೆ ಮೇಲಿದ್ದವರು ಅವಳ ನಗು ಮುಗಿಯಲಿ ಅಂತ ಕಾದು ಮುಂದಿನ ಮಾತು ಆಡುತ್ತಿದ್ದರು. ಅವಳು ಬಂದಿಲ್ಲವೆಂದು ಗೊತ್ತಾದರೆ ಪಾತ್ರಧಾರಿಗಳ ಮುಖ ಸಪ್ಪಗಾಗುತ್ತಿತ್ತು. ಸೆರಗು ಅಡ್ಡ ಹಿಡಿದು ನಗುವ ನಗುವಲ್ಲ ಅದು. ಹೊಟ್ಟೆಯ ತಳದಿಂದ ಎದ್ದು, ಕುರ್ಚಿ ಅಲುಗಾಡಿಸಿ, ಪಕ್ಕದವರನ್ನೂ ಎಳೆದುಕೊಂಡು ಹೋಗುವ ಅಪ್ಪಟ ವಿಜಯಪುರದ ನಗು. ಹೆಣ್ಣು ನೋಡಲು ಹೋದಾಗ ನಿತೀಶ ಉಪ್ಪಿಟ್ಟಿನ ತಟ್ಟೆಯನ್ನು ಮಡಿಲಿಗೇ ಚೆಲ್ಲಿಕೊಂಡನಂತೆ, ಒಳಗಿನಿಂದ ಆ ನಗು ಕೇಳಿಸಿತಂತೆ, ಹುಡುಗಿಯ ಮುಖ ನೋಡುವ ಮೊದಲೇ ಅವನು ಮನಸ್ಸಿನಲ್ಲಿ ಒಪ್ಪಿಬಿಟ್ಟನಂತೆ. ಈ ಕತೆಯನ್ನು ಅವನು ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ.

ಅಂಥವಳು ಮಗ ನಚಿಕೇತ ಹುಟ್ಟಿದ ಮೇಲೆ ನಗುವುದನ್ನೇ ಬಿಟ್ಟಳು.

ಬಿಟ್ಟ ದಿನವೂ ಅವಳಿಗೆ ಚೆನ್ನಾಗಿ ನೆನಪಿದೆ. ಹೌನ್ಸ್ಲೋದ ಅವರ ಫ್ಲಾಟಿನಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮ, ಮನೆ ತುಂಬ ಜನ. ಮಹಾಲಿಂಗಪ್ಪನವರು ಸೋಫಾದ ಮೇಲೆ ಕೂತು ಜೋಕು ಶುರು ಮಾಡಿದ್ದರು. ಬೆಳಗಾವಿ ಕಡೆಯವರು, ಲಂಡನ್ನಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಜೋಕು ಹೇಳುವುದರಲ್ಲಿ ಅವರದು ಎತ್ತಿದ ಕೈ. ಅದಕ್ಕಿಂತ ಹೆಚ್ಚಾಗಿ, ಯಾರು ನಗದಿದ್ದರೂ ಸ್ಫೂರ್ತಿ ನಗುತ್ತಾಳೆ ಎಂಬ ಧೈರ್ಯ. ಆ ದಿನ ಹೇಳಿದ್ದು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಗುರೆಳ್ಳು ಚಟ್ನಿಪುಡಿ ತಿನ್ನಿಸಿದ ತಮ್ಮ ಅತ್ತಿಗೆಯ ಕತೆ. ಸ್ಫೂರ್ತಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ನಗುವಿನ ನಡುವೆಯೇ ಇಳಕಲ್ ಸೀರೆಯ ಒಳಗೆ ಬೆಚ್ಚಗೆ ಹರಿಯಿತು. ನಗು ಅರ್ಧಕ್ಕೇ ನಿಂತಿತು. ಎಲ್ಲರೂ ಊಟಕ್ಕೆ ಎದ್ದರೂ ಅವಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಆಮೇಲೆ, ಕೂಸು ಒದ್ದೆ ಮಾಡಿತು ಅಂತ ಹೇಳಿ ಸೀರೆ ಬದಲಾಯಿಸಿದಳು. ಏನೂ ಮಾಡದ ಕೂಸಿನ ಮೇಲೆ ತಪ್ಪು ಹೊರಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಅಲ್ಲಿಂದ ಶುರು. ಸೀನಿದರೆ ಸೋರುವುದು, ಕೆಮ್ಮಿದರೆ ಸೋರುವುದು, ಕೂಸಿನ ಗಾಡಿಯನ್ನು ಬಸ್ಸಿಗೆ ಎತ್ತಿದರೂ ಸೋರುವುದು. ಬಣ್ಣದ ಬಟ್ಟೆಗಳು ಕಪಾಟು ಸೇರಿ ಕಪ್ಪು ಪ್ಯಾಂಟುಗಳು ಹೊರಬಂದವು. ಟ್ಯೂಬ್ ರೈಲು ಹತ್ತುವ ಮೊದಲು ಯಾವ ಸ್ಟೇಷನ್ನಿನಲ್ಲಿ ಶೌಚಾಲಯ ಇದೆ ಎಂದು ನೋಡಿಕೊಳ್ಳುವುದು ರೂಢಿಯಾಯಿತು. ಸೀನು, ಕೆಮ್ಮು ಹೇಗೂ ಮೊದಲೇ ಸುಳಿವು ಕೊಡುತ್ತವೆ, ಕಾಲು ಹೆಣೆದು ನಿಂತುಕೊಳ್ಳಬಹುದು. ನಗು ಹಾಗಲ್ಲ, ಅದು ಹೇಳದೆ ಕೇಳದೆ ಬರುವ ನೆಂಟ. ಆದ್ದರಿಂದ ಅವಳು ನಗು ಬರುವ ಜಾಗಗಳಿಂದಲೇ ದೂರ ಉಳಿದಳು. ನಾಟಕಕ್ಕೆ ಹೋಗಲಿಲ್ಲ, ಗೆಳತಿಯರ ಫೋನಿಗೆ ಎರಡು ಮಾತಾಡಿ ಇಟ್ಟಳು, ಮಹಾಲಿಂಗಪ್ಪನವರು ಬಂದರೆ ಒಳಗೆ ಹೋಗಿ ಕೂಸನ್ನು ಮಲಗಿಸುತ್ತ ಕೂತಳು. ಪಾಪ, ಅವರು ತಮ್ಮ ಜೋಕುಗಳೇ ಹಳಸಿದವು ಅಂದುಕೊಂಡು ಹೊಸ ಜೋಕು ಹುಡುಕಲು ಶುರು ಮಾಡಿದರು. ಆ ಹೊಸ ಜೋಕುಗಳನ್ನು ಕೇಳಿದವರಿಗೆ ಗೊತ್ತು ಆ ಕಷ್ಟ.

ಯಾರಿಗಾದರೂ ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳುವುದಕ್ಕೆ ಅಡ್ಡ ಬಂದವರು ಅತ್ತೆ ಗುರುದೇವಿ. ಕೆಟ್ಟ ಅತ್ತೆಯಲ್ಲ, ಅದೇ ತೊಂದರೆ. ಸ್ಫೂರ್ತಿಯ ತಾಯಿಗೆ ವೀಸಾ ಸಿಗದೆ ಹೋದಾಗ, ತವರಿನವರು ಮಾಡಬೇಕಾದ ಬಾಣಂತನವನ್ನು ಗುರುದೇವಿ ತಾವೇ ಮೈಮೇಲೆ ಎಳೆದುಕೊಂಡು ಮಾಡಿದ್ದರು. ಎಣ್ಣೆ ತಿಕ್ಕಿ ಬಿಸಿನೀರು ಹಾಕಿದ್ದೇನು, ಅಂಟಿನುಂಡಿ ಕಟ್ಟಿದ್ದೇನು, ಹಳೆ ಸೀರೆಯಿಂದ ಹೊಟ್ಟೆ ಬಿಗಿದದ್ದೇನು. ಅಜವಾನದ ಹೊಗೆ ಹಾಕಲು ಹೋಗಿ ಇಡೀ ಕಟ್ಟಡದ ಅಲಾರಂ ಬಡಿದುಕೊಂಡು ಎಲ್ಲ ಮಹಡಿಯವರೂ ರಸ್ತೆಗೆ ಇಳಿದಿದ್ದರು. ಗುರುದೇವಿ ಅವರ ನಡುವೆ ಕೂಸನ್ನು ಎತ್ತಿಕೊಂಡು, ಮೆರವಣಿಗೆಗೆ ಬಂದವರಂತೆ ತಲೆ ಎತ್ತಿ ನಿಂತಿದ್ದರು. ‘ನಾ ಮಾಡಿದ ಬಾಣಂತನ’ ಎಂದು ಅವರು ಹೇಳುವಾಗ ಮೀಸೆ ಇದ್ದಿದ್ದರೆ ಖಂಡಿತ ತಿರುವುತ್ತಿದ್ದರು. ಅಂಥವರ ಮುಂದೆ ಹೋಗಿ, ನಿಮ್ಮ ಬಾಣಂತನದಲ್ಲಿ ಏನೋ ಒಂದು ಸರಿಹೋಗಲಿಲ್ಲ ಅಂತ ಯಾವ ಬಾಯಿಂದ ಹೇಳುವುದು?

ಬಾಣಂತಿ ಹೆಚ್ಚು ನೀರು ಕುಡಿಯಬಾರದು, ಹೊಟ್ಟೆ ಬರುತ್ತದೆ ಎಂಬುದು ಗುರುದೇವಿಯವರ ಕಡೆಯ ನಂಬಿಕೆ. ಕಾಯಿಸಿ ಆರಿಸಿದ ನೀರನ್ನು ಸಣ್ಣ ಲೋಟದಲ್ಲಿ, ಬೇಡಿದಾಗ ಮಾತ್ರ ಕೊಡುತ್ತಿದ್ದರು. ಸ್ಫೂರ್ತಿ ಬೇಡಲೇ ಇಲ್ಲ. ಕುಡಿದರೆ ತಾನೆ ಸೋರುವುದು ಎಂಬುದು ಅವಳ ಲೆಕ್ಕ. ಬಾಯಾರಿಕೆ ಅನ್ನದ ಬಾಣಂತಿಯನ್ನು ಕಂಡು ಅತ್ತೆಗೆ ಖುಷಿ, ನೀರು ಕೊಡದ ಅತ್ತೆಯನ್ನು ಕಂಡು ಸೊಸೆಗೆ ಸಮಾಧಾನ. ಬಾಣಂತನ ಮುಗಿದ ಮೇಲೂ ಅದೇ ಅಭ್ಯಾಸ ಮುಂದುವರಿಯಿತು. ಇಬ್ಬರೂ ಹೀಗೆ ಒಬ್ಬರ ತಪ್ಪನ್ನು ಒಬ್ಬರು ಬೆಂಬಲಿಸಿಕೊಂಡು ಹೋದದ್ದರ ಫಲವಾಗಿ ಬೇಸಿಗೆ ಹೊತ್ತಿಗೆ ಸ್ಫೂರ್ತಿಗೆ ಉರಿಮೂತ್ರ ಹತ್ತಿಕೊಂಡು ಜ್ವರ ಬಂತು.

ಜಿಪಿ ಹತ್ತಿರ ಹೋದಳು. ಚಿಕ್ಕ ವಯಸ್ಸಿನ ಡಾಕ್ಟರು, ಇವಳಿಗಿಂತ ಕಿರಿಯಳೇ ಇರಬೇಕು. ಸೋಂಕಿಗೆ ಮಾತ್ರೆ ಬರೆದಳು, ನೀರು ಕಡಿಮೆ ಮಾಡಿದರೆ ಮೂತ್ರಕೋಶ ಇನ್ನಷ್ಟು ರೇಗುತ್ತದೆ, ಧಾರಾಳವಾಗಿ ಕುಡಿಯಬೇಕು ಎಂದಳು. ಆಮೇಲೆ ಕಂಪ್ಯೂಟರಿನಿಂದ ಮುಖ ತಿರುಗಿಸಿ, ನಕ್ಕಾಗ ಕೆಮ್ಮಿದಾಗ ಸೋರುತ್ತದೆಯೇ ಎಂದು ಕೇಳಿದಳು. ಹೆರಿಗೆಯಾದ ಮೇಲೆ ಕೂಸಿನ ತೂಕ ಕೇಳಿದವರಿದ್ದರು, ಹಾಲು ಸಾಕಾಗುತ್ತದೆಯೇ ಅಂತ ಕೇಳಿದವರಿದ್ದರು, ಇದನ್ನು ಕೇಳಿದವಳು ಇವಳೇ ಮೊದಲು. ಸ್ಫೂರ್ತಿ ಇಲ್ಲ ಅಂದಳು. ಬ್ಯಾಗು ಎತ್ತಿಕೊಂಡು ಬಾಗಿಲವರೆಗೂ ಹೋದಳು. ಹಿಡಿಕೆ ಹಿಡಿದವಳು ತಿರುಗಿ ನಿಂತು, ಹೌದು ಅಂದಳು. ನಚಿಕೇತನನ್ನು ಹೆತ್ತದ್ದೂ ಇಷ್ಟು ಕಷ್ಟವಾಗಿರಲಿಲ್ಲ ಅಂತ ಅವಳಿಗೆ ಅನಿಸಿತು.

ಆ ಸಂಜೆ ನಿತೀಶನಿಗೆ ಹೇಳಿದಳು. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುವ ಅವನು ಇಷ್ಟು ತಿಂಗಳೂ ಹೆಂಡತಿ ತನ್ನ ಮೇಲೆ ಮುನಿಸಿಕೊಂಡಿದ್ದಾಳೆ ಎಂದು ಒಳಗೊಳಗೇ ಕೊರಗಿದ್ದ. ಕೇಳಿದ್ದೇ ದೊಡ್ಡ ಉಸಿರು ಬಿಟ್ಟು, “ಅಷ್ಟನ?” ಅಂದ. ಆ ಒಂದು ಮಾತಿಗೆ ಸ್ಫೂರ್ತಿಯ ಪಿತ್ತ ನೆತ್ತಿಗೇರಿತು. ನಿನಗ ಒಂದು ದಿನ ಆಫೀಸಿನಾಗ ಹಿಂಗಾಗಲಿ, ಆಗ ಅಷ್ಟನೋ ಇಷ್ಟನೋ ಗೊತ್ತಾಗ್ತದ ಅಂತ ಚೆನ್ನಾಗಿ ಬೈದಳು. ಅವನು ಬೈಸಿಕೊಂಡ. ಬೈಸಿಕೊಳ್ಳುವುದರಲ್ಲೂ ಅವನಿಗೆ ಒಂದು ಸಂತೋಷವಿತ್ತು, ಯಾಕೆಂದರೆ ಅವಳು ಬಹಳ ದಿನಗಳ ಮೇಲೆ ಬಾಯಿ ತುಂಬ ಮಾತಾಡಿದ್ದಳು.

ಜಿಪಿ ಕಳಿಸಿದ ಫಿಸಿಯೋಥೆರಪಿಸ್ಟ್ ಹೆಸರು ಹೆಲೆನ್, ನರೆಗೂದಲಿನ ಗಟ್ಟಿ ಹೆಂಗಸು. ಅವಳು ಒಂದು ಪ್ಲಾಸ್ಟಿಕ್ಕಿನ ಸೊಂಟದ ಗೂಡು ಹಿಡಿದು ತೋರಿಸಿದಳು. ತಳದಲ್ಲಿ ಜೋಳಿಗೆಯ ಹಾಗೆ ಸ್ನಾಯುಗಳಿವೆ, ಮೂತ್ರಕೋಶ ಗರ್ಭಕೋಶ ಎಲ್ಲವನ್ನೂ ಅವೇ ಹೊರುತ್ತವೆ, ಬಸಿರು ಹೆರಿಗೆಯಲ್ಲಿ ಅವು ಜಗ್ಗಿ ಸಡಿಲಾಗುತ್ತವೆ. ಮೂತ್ರವನ್ನೂ ಹೂಸನ್ನೂ ತಡೆದುಕೊಂಡಂತೆ ಅವನ್ನು ಮೇಲಕ್ಕೆ ಎಳೆದು ಹಿಡಿ, ಪೂರ್ತಿ ಸಡಿಲ ಬಿಡು, ಮತ್ತೆ ಹಿಡಿ. ದಿನಾ ಮಾಡು, ತಿಂಗಳುಗಟ್ಟಲೆ ಮಾಡು. ಇದು ಹಣೆಬರಹವಲ್ಲ, ಬಹಳ ಮಂದಿಗೆ ವಾಸಿಯಾಗುತ್ತದೆ ಅಂದಳು ಹೆಲೆನ್.

ಹೇಳಿದಷ್ಟು ಸುಲಭವೇ? ಫೋನಿನಲ್ಲಿ ಗಂಟೆ ಇಟ್ಟರೆ ಅದು ಕೂಸು ಮಲಗಿದ ಹೊತ್ತಿಗೇ ಬಡಿದು ಎಬ್ಬಿಸುವುದು. ಬಸ್ಸಿನಲ್ಲಿ ಮಾಡೋಣವೆಂದರೆ ಎದುರಿಗೆ ಕೂತವರಿಗೆ ತನ್ನ ಮುಖ ನೋಡಿಯೇ ಗೊತ್ತಾಗುತ್ತದೆ ಎಂಬ ಅನುಮಾನ. ಎರಡು ವಾರ ಹೀಗೇ ಕಳೆಯಿತು. ದಾರಿ ಹೊಳೆದದ್ದು ರೊಟ್ಟಿ ಬಡಿಯುವಾಗ. ಆ ಮನೆಯಲ್ಲಿ ಸಂಜೆಗೆ ಬಿಸಿ ಜೋಳದ ರೊಟ್ಟಿ ಆಗಲೇಬೇಕು, ಬಾಣಂತನ ಮುಗಿದ ಮೇಲೆ ಆ ಕೆಲಸ ಮತ್ತೆ ಸ್ಫೂರ್ತಿಯ ಪಾಲಿಗೆ ಬಂದಿತ್ತು. ಹಿಟ್ಟಿನ ಉಂಡೆ ಇಟ್ಟು ಬಡಿಯಲು ಶುರು ಮಾಡಿದಾಗ ಮೇಲಕ್ಕೆ ಎಳೆದು ಹಿಡಿದಳು. ಕೈ ಸ್ವಲ್ಪ ನಿಂತು ಹಿಟ್ಟು ಉದುರಿಸುವಾಗ ಬಿಟ್ಟಳು. ಮತ್ತೆ ಬಡಿತ, ಮತ್ತೆ ಬಿಗಿ. ರೊಟ್ಟಿ ಹೆಂಚಿನ ಮೇಲೆ ಉಬ್ಬುವಷ್ಟು ಹೊತ್ತು ಪೂರ್ತಿ ಸಡಿಲ. ಮರೆತೆ ಅನ್ನುವ ಮಾತೇ ಇಲ್ಲ, ಯಾಕೆಂದರೆ ರೊಟ್ಟಿ ಮರೆತರೆ ಗುರುದೇವಿ ಬಿಡುತ್ತಾರೆಯೇ? ಕೈಯೂ ಕೆಳಗಿನ ಸ್ನಾಯುವೂ ಒಂದೇ ತಾಳಕ್ಕೆ ಬಂದವು. ಇದನ್ನು ಕಂಡುಹಿಡಿದದ್ದಕ್ಕೆ ಸ್ಫೂರ್ತಿಗೆ ಎಂಥ ಹೆಮ್ಮೆ ಬಂತೆಂದರೆ, ಅದನ್ನು ಯಾರಿಗೂ ಹೇಳಲಾಗದೆ ನಿತೀಶನಿಗೆ ಎರಡು ರೊಟ್ಟಿ ಹೆಚ್ಚು ಹಾಕಿದಳು.

ಮುಂದಿನ ಸಲ ಹೋದಾಗ ಹೆಲೆನ್ ಮೆಚ್ಚಿಕೊಂಡಳು, ಆದರೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ನೀನು ಉಸಿರಾಡುತ್ತಲೇ ಇಲ್ಲವಲ್ಲ ಅಂದಳು. ನಿಜ. ಬಿಗಿ ಹಿಡಿ ಅಂದಾಗೆಲ್ಲ ಸ್ಫೂರ್ತಿ ಶಾಲೆಯಲ್ಲಿ ಕಲಿತ ಪ್ರಾಣಾಯಾಮದ ಹಾಗೆ ಉಸಿರನ್ನೂ ಕಟ್ಟಿಬಿಡುತ್ತಿದ್ದಳು. ಉಸಿರು ಕಟ್ಟಿದರೆ ಭಾರವೆಲ್ಲ ಕೆಳಕ್ಕೇ ಬೀಳುತ್ತದೆ, ಮಾತಾಡುತ್ತ ಮಾಡು, ಇಲ್ಲವೇ ಹಾಡುತ್ತ ಮಾಡು ಅಂದಳು ಹೆಲೆನ್. ಹಾಗಾಗಿ ಸ್ಫೂರ್ತಿ ರೊಟ್ಟಿ ಬಡಿಯುತ್ತ ಬೀಸುಕಲ್ಲಿನ ಹಾಡು ಗುನುಗತೊಡಗಿದಳು. ಮರೆತ ಸಾಲುಗಳನ್ನು ಗುರುದೇವಿ ಕೂಸನ್ನು ಆಡಿಸುತ್ತಲೇ ಹೇಳಿಕೊಡುತ್ತಿದ್ದರು. ಸೊಸೆ ಇಷ್ಟು ಉಲ್ಲಾಸವಾಗಿರುವುದಕ್ಕೆ ತಾವು ಮಾಡಿದ ಬಾಣಂತನವೇ ಕಾರಣ ಅಂತ ಅವರ ಭಾವನೆ.

ತಿಂಗಳು ಕಳೆದಂತೆ ಸೀನು ಹೆದರಿಸುವುದನ್ನು ಬಿಟ್ಟಿತು. ಕೆಮ್ಮು ಬರುವ ಮುಂಚೆ ಒಮ್ಮೆ ಬಿಗಿ ಹಿಡಿದರೆ ಸಾಕು. ಆದರೆ ನಗು? ಅದನ್ನು ಪರೀಕ್ಷೆ ಮಾಡುವ ಧೈರ್ಯ ಅವಳಿಗೆ ಬರಲಿಲ್ಲ. ಅಷ್ಟು ಹೊತ್ತಿಗೆ ತುಟಿ ಮುಚ್ಚಿ ಮುಗುಳ್ನಗುವುದು ಅವಳಿಗೆ ಅಭ್ಯಾಸವಾಗಿತ್ತು, ಅದನ್ನು ನೋಡುವವರಿಗೆ ಸಂಕಟವಾಗುತ್ತಿತ್ತು.

ನವೆಂಬರಿನ ರಾಜ್ಯೋತ್ಸವದ ಊಟಕ್ಕೆ ಈ ಸಲ ಬಿಸಿ ರೊಟ್ಟಿ ಮಾಡುವ ಮಾತುಕತೆಗೆಂದು ಹೆಂಗಸರು ಕ್ವೀನ್ಸ್‌ಬರಿಯ ಶೋಭಾ ಮನೆಯಲ್ಲಿ ಸೇರಿದರು. ಶೋಭಾ ಬೆಂಗಳೂರಿನವಳು, ಮನಸ್ಸಿನಲ್ಲಿ ಬಂದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವವಳಲ್ಲ. ಮಗು ಆದ ಮೇಲೆ ಸ್ಫೂರ್ತಿಗೆ ಬಿಗುಮಾನ ಬಂದಿದೆ, ನಮ್ಮ ಜೊತೆ ನಗುವುದಕ್ಕೂ ಈಗ ಅಪಾಯಿಂಟ್‌ಮೆಂಟ್ ಬೇಕು ಅಂತ ಎಲ್ಲರೆದುರು ಅಂದುಬಿಟ್ಟಳು. ಗುರುದೇವಿ ತಕ್ಷಣ ಸೊಸೆಯ ಪರ ನಿಂತರು. ತಾವು ಮಾಡಿದ ಬಾಣಂತನ ಎಂಥದ್ದು, ಸೊಸೆಗೆ ಒಂದು ಕುಂದು ಕೊರತೆ ಇಲ್ಲ, ಕಲ್ಲು ಗುಂಡಿನಂತೆ ಇದ್ದಾಳೆ ಎಂದು ಶುರು ಮಾಡಿದರು. ಸ್ಫೂರ್ತಿ ಎರಡೂ ಮಾತು ಕೇಳಿದಳು. ಜಂಬದವಳು ಅನ್ನಿಸಿಕೊಳ್ಳುವುದೂ ಸಾಕಾಗಿತ್ತು, ಕಲ್ಲುಗುಂಡು ಅನ್ನಿಸಿಕೊಳ್ಳುವುದೂ ಸಾಕಾಗಿತ್ತು.

“ನಕ್ರ ಉಚ್ಚಿ ಹೋಗ್ತಿತ್ರಿ ನನಗ,” ಅಂದಳು. “ಅದಕ್ಕ ನಗೂದು ಬಿಟ್ಟೆ.”

ಮೊದಲು ಬಾಯಿ ತೆರೆದವಳು ಶೋಭಾ.

“ನಂಗೆ ಸಿರಿಶಾ ಹುಟ್ಟಿದಾಗಿಂದ ಹೀಗೇ ಕಣೆ,” ಅಂದಳು. “ನನ್ನ ಜೊತೆ ಸ್ಕಿಪ್ಪಿಂಗ್ ಆಡು ಅಂತಾಳೆ, ಮಂಡಿ ನೋವು ಅಂತ ಸುಳ್ಳು ಹೇಳ್ತೀನಿ. ಅವಳಿಗೀಗ ಹನ್ನೊಂದು ವರ್ಷ.”

ಆಮೇಲೆ ಶ್ರೀಲತಾ ಹೇಳಿದಳು, ಮಾಳವಿಕಾ ಹೇಳಿದಳು. ಒಬ್ಬಳು ಓಡುವುದನ್ನು ಬಿಟ್ಟಿದ್ದಳು, ಇನ್ನೊಬ್ಬಳು ಭರತನಾಟ್ಯ ಬಿಟ್ಟಿದ್ದಳು. ಗುರುದೇವಿ ಮಾತ್ರ ಎದ್ದು ಕೋಟು ಹಾಕಿಕೊಂಡರು. ಮನೆ ತಲುಪುವವರೆಗೂ ಕಾರಿನ ಕಿಟಕಿಯಿಂದಾಚೆ ನೋಡುತ್ತ ಕೂತರು.

ಮರುದಿನ ಬೆಳಿಗ್ಗೆ ಸ್ಫೂರ್ತಿ ಕೂಸಿಗೆ ರಾಗಿ ಸರಿ ತಿನ್ನಿಸುತ್ತಿದ್ದಾಗ ಅತ್ತೆ ಬಂದು ಎದುರಿಗೆ ಕೂತರು. ಅವರ ಮುಖ ಒಂದೇ ರಾತ್ರಿಯಲ್ಲಿ ಸಣ್ಣದಾಗಿತ್ತು.

“ನನ್ನ ಬಾಣಂತನದಾಗ ತಪ್ಪಾತೇನ?”

ಸ್ಫೂರ್ತಿ ಚಮಚ ಕೆಳಗಿಟ್ಟಳು. ನೀರಿನ ವಿಷಯ ಒಂದು ಬಿಟ್ಟರೆ ಯಾವುದೂ ತಪ್ಪಲ್ಲ, ನೀರು ಬೇಡ ಅಂದವಳೂ ನಾನೇ, ನೀವು ಇರದಿದ್ದರೆ ನಾನು ಎದ್ದು ಓಡಾಡುತ್ತಿರಲಿಲ್ಲ ಎಂದಳು. ಇದನ್ನು ಯಾರೂ ಕೇಳುವುದಿಲ್ಲ, ಆದವರು ಯಾರೂ ಹೇಳುವುದಿಲ್ಲ, ಅದೇ ತಪ್ಪು ಎಂದಳು. ಗುರುದೇವಿ ಮೊಮ್ಮಗನ ಗಲ್ಲಕ್ಕೆ ಅಂಟಿದ ಸರಿಯನ್ನು ಸೆರಗಿನಿಂದ ಒರೆಸಿದರು, ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು.

“ನಿತೀಶ ಹುಟ್ಟಿದಾಗಿಂದ ನನಗೂ ಐತಿ,” ಅಂದರು. “ಕೋಚ್ ಬಸ್ಸಿನಾಗ ಎಲ್ಲಾರೂ ಟ್ರಿಪ್ ಹೋಗೂಮುಂದ ನಾ ತಲಿ ತಿರಗ್ತೈತಿ ಅಂತ ಮನ್ಯಾಗ ಕುಂತೆ. ತಲಿ ತಿರಗೂದಿಲ್ಲ ನನಗ. ಈ ವಯಸ್ಸಿನಾಗ ಕಲಿಸಿದ್ರ ಬರ್ತೈತೇನ ಅದು?”

ಯಾವ ವಯಸ್ಸಾದರೂ ಬರುತ್ತದೆಂದು ಹೆಲೆನ್ ಹೇಳಿದ್ದಳು. ಸ್ಫೂರ್ತಿ ಅತ್ತೆಯನ್ನೂ ಜಿಪಿ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಮಾತುಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ, ತನ್ನ ವಿಷಯಕ್ಕೆ ಬಾಗಿಲವರೆಗೂ ಹೋಗಿ ತಿರುಗಬೇಕಾಗಿ ಬಂದಿದ್ದವಳಿಗೆ ಒಂದಿಷ್ಟೂ ಅಳುಕಾಗಲಿಲ್ಲ. ಸಂಜೆ ಅತ್ತೆ ಸೊಸೆ ಇಬ್ಬರೂ ಅಕ್ಕಪಕ್ಕ ನಿಂತು ರೊಟ್ಟಿ ಬಡಿದರು. ರೊಟ್ಟಿ ಹೆಚ್ಚಾಗಿ ಪಕ್ಕದ ಫ್ಲಾಟಿನವರಿಗೂ ಹೋಗತೊಡಗಿತು.

ಗೆಳತಿಯರು ನಮಗೂ ಹೇಳು ಅಂತ ಬೆನ್ನು ಬಿದ್ದರು. ಡಾಕ್ಟರಿಗೆ ತೋರಿಸಿ ಅಂತ ಮೊದಲು ತಾಕೀತು ಮಾಡಿ, ತನ್ನ ರೊಟ್ಟಿಯ ಉಪಾಯವನ್ನು ವಾಟ್ಸಾಪ್‌ನಲ್ಲಿ ಬರೆದಳು. ಬಡಿಯುವಾಗ ಬಿಗಿ, ನಿಂತಾಗ ಸಡಿಲ ಅಂತ ಬರೆದು ಮುಂದಿನ ಸಾಲು ಬರೆಯುವಷ್ಟರಲ್ಲಿ ನಚಿಕೇತ ಫೋನು ಕಸಿದುಕೊಂಡು ಬಾಯಿಗೆ ಹಾಕಿಕೊಂಡ. ಬರೆದಷ್ಟು ಹೋಯಿತು. ಮಿಕ್ಕದ್ದನ್ನು ಅವಳು ಮರೆತಳು.

ರಾಜ್ಯೋತ್ಸವದ ದಿನ ಗ್ರೀನ್‌ಫರ್ಡಿನ ಹಾಲ್‌ನಲ್ಲಿ ಜನವೋ ಜನ. ಹಿಂದಿನ ಅಡುಗೆಮನೆಯಲ್ಲಿ ಉದ್ದನೆಯ ಕಟ್ಟೆಯ ಎರಡೂ ಬದಿಗೆ ಹೆಂಗಸರು ಸಾಲಾಗಿ ನಿಂತು ರೊಟ್ಟಿ ಬಡಿಯುತ್ತಿದ್ದರು. ವಿಜಯಪುರ, ಕಲಬುರಗಿಯವರ ಪಕ್ಕದಲ್ಲಿ, ಹುಟ್ಟಿದಾಗಿಂದ ರೊಟ್ಟಿ ಮುಟ್ಟದ ಬೆಂಗಳೂರಿನವರೂ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. ಶೋಭಾ ಬಡಿದ ರೊಟ್ಟಿಗೆ ಯಾವ ದೇಶದ ನಕ್ಷೆ ಅಂತ ಹೆಸರಿಡಬೇಕೋ ಅನ್ನುವಂತಿತ್ತು. ಸ್ಫೂರ್ತಿ ಬೇಳೆ ಪಲ್ಯದ ಪಾತ್ರೆ ಹೊರಗೆ ಕೊಟ್ಟು ಬರುವಾಗ, ಬಡಿಸುವ ಮೇಜಿನ ಹತ್ತಿರ ಮಹಾಲಿಂಗಪ್ಪನವರು ತಡೆದರು.

“ಒಳಗ ಏನಾಗೇತಿ ತಂಗಿ? ಇಷ್ಟ ಮಂದಿ ಹೆಂಗಸರು ಅಡಗಿಮನ್ಯಾಗ ಇದ್ದು ಒಂದು ಮಾತು ಕೇಳಸವಲ್ದು. ನನಗ ಯಾಕೋ ಅಂಜಿಕಿ ಬರಾಕತ್ತೈತಿ.”

ಸ್ಫೂರ್ತಿ ಬಾಗಿಲು ತಳ್ಳಿ ಒಳಗೆ ನೋಡಿದಳು. ನಿಜವಾಗಿಯೂ ಒಂದು ಪಿಸುಮಾತೂ ಇಲ್ಲ. ಪಟಪಟ ಬಡಿತದ ಸದ್ದು ಮಾತ್ರ. ಶೋಭಾ ಕೆನ್ನೆ ಎರಡನ್ನೂ ಉಬ್ಬಿಸಿಕೊಂಡು ಬಡಿಯುತ್ತಿದ್ದಳು. ಮಾಳವಿಕಾಳ ಮುಖ ಟೊಮೆಟೊ ಬಣ್ಣಕ್ಕೆ ಬಂದಿತ್ತು. ಶ್ರೀಲತಾ ಕಣ್ಣು ಮೇಲೆ ಮಾಡಿ ಸೂರು ನೋಡುತ್ತಿದ್ದಳು. ಗುಂಪಿನಲ್ಲಿ ಹಿಂದೆ ಬೀಳಬಾರದೆಂದು ಗುರುದೇವಿಯೂ ಹಾಡು ನಿಲ್ಲಿಸಿ ತುಟಿ ಬಿಗಿದು ನಿಂತಿದ್ದರು. ಬಡಿತ ನಿಂತಿತು. ಇಡೀ ಸಾಲು ಒಟ್ಟಿಗೆ ಉಸ್ಸೆಂದು ಉಸಿರು ಬಿಟ್ಟಿತು, ಕಟ್ಟೆಯ ಮೇಲಿನ ಒಣಹಿಟ್ಟು ಮೋಡದ ಹಾಗೆ ಎದ್ದು ಎಲ್ಲರ ಹುಬ್ಬಿನ ಮೇಲೆ ಕೂತಿತು. ಮತ್ತೆ ಎಲ್ಲರೂ ಕೆನ್ನೆ ಉಬ್ಬಿಸಿ ಬಡಿಯತೊಡಗಿದರು.

“ಉಸಿರು ಬಿಡ್ರೇ,” ಅಂದಳು ಸ್ಫೂರ್ತಿ. “ಉಸಿರು ಕಟ್ಟಬ್ಯಾಡ್ರಿ, ಅದನ್ನ ಬರಿಯೂದು ಮರತೆ—”

ಮಾತು ಮುಗಿಯಲಿಲ್ಲ. ನಗು ಬಂತು. ಹೇಳದೆ ಕೇಳದೆ, ಹೊಟ್ಟೆಯ ತಳದಿಂದ, ಹೋದ ವರ್ಷ ಹೇಗೆ ಬರುತ್ತಿತ್ತೋ ಹಾಗೆಯೇ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು, ಬಗ್ಗಿ ಮಂಡಿ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕಳು. ನಡುವೆ ಒಂದು ಸಲ ಹಳೆಯ ಭಯದಿಂದ ಕಾದಳು. ಏನೂ ಆಗಲಿಲ್ಲ. ಜೋಳಿಗೆ ತಾನಾಗಿಯೇ ಬಿಗಿದು ನಿಂತಿತ್ತು, ಅವಳು ಹೇಳುವ ಮೊದಲೇ. ಕಣ್ಣೀರು ಬಿಟ್ಟರೆ ಬೇರೇನೂ ಹರಿಯಲಿಲ್ಲ. ಅದು ತಿಳಿದ ಮೇಲೆ ಬಂದ ನಗು ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಇದನ್ನು ನಾನು ದುಡಿದು ಸಂಪಾದಿಸಿದೆ ಎಂಬ ಹೆಮ್ಮೆಯೂ ಅದರಲ್ಲಿ ಸೇರಿತ್ತು.

ಅವಳನ್ನು ನೋಡಿ ಅಡುಗೆಮನೆಯೆಲ್ಲ ನಗತೊಡಗಿತು. ಅಭ್ಯಾಸ ಇನ್ನೂ ಹೊಸತಾಗಿದ್ದವರು ಹಿಟ್ಟಿನ ಕೈಯಲ್ಲೇ ಓಡಿದರು. ಶೌಚಾಲಯದ ಮುಂದೆ ಸಾಲು ನಿಂತು, ನಾನು ಮೊದಲು ನಾನು ಮೊದಲು ಎಂದು ಒಬ್ಬರನ್ನೊಬ್ಬರು ತಳ್ಳುತ್ತ ಮತ್ತೂ ನಕ್ಕರು. ಮುಖ ಮುಚ್ಚಿಕೊಂಡವರು ಒಬ್ಬರೂ ಇರಲಿಲ್ಲ.

ಹಾಲ್‌ನ ಆ ತುದಿಯಲ್ಲಿ ಕೂಸನ್ನು ಹೆಗಲ ಮೇಲಿಟ್ಟುಕೊಂಡಿದ್ದ ನಿತೀಶ ಮಾತು ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗಿದ. ವೇದಿಕೆಯ ಮೇಲೆ ಭಾಷಣ ಮಾಡುತ್ತಿದ್ದವರು ಕೂಡ ರೂಢಿಯಂತೆ, ಆ ನಗು ಮುಗಿಯಲಿ ಅಂತ ಕಾದರು. ಮಹಾಲಿಂಗಪ್ಪನವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಯಾರು ಅಂಥ ಜೋಕು ಹೇಳಿದವರು ಅಂತ ಹೊಟ್ಟೆಕಿಚ್ಚಿನಿಂದ ಕೇಳಿದರು.

ಶೌಚಾಲಯದಿಂದ ಬಂದ ಗುರುದೇವಿ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ತಲೆ ಎತ್ತಿ ಅವರ ಎದುರು ನಿಂತರು.

“ಜೋಕು ಯಾರೂ ಹೇಳಿಲ್ರಿ,” ಅಂದರು. “ನಮ್ಮ ಸೊಸಿ ನಕ್ಕಾಳ. ತಿಂಗಳಗಟ್ಟಲೆ ದುಡದು ನಕ್ಕಾಳ.”

ಆಮೇಲೆ ಸ್ಫೂರ್ತಿಯ ಪಕ್ಕಕ್ಕೆ ಹೋಗಿ ನಿಂತು, ಒಂದು ಉಂಡೆ ಹಿಟ್ಟು ತೆಗೆದುಕೊಂಡು, ಗಟ್ಟಿಯಾಗಿ ಹಾಡುತ್ತ ಬಡಿಯತೊಡಗಿದರು.